ಮುಕ್ತ ತಂತ್ರಾಂಶದ ರೂಟರ್ ಫರ್ಮ್‌ವೇರ್

ಮನೆ, ಅಂಗಡಿ, ಕಚೇರಿಗಳಲ್ಲಿ ಅಂತರಜಾಲ ಸಂಪರ್ಕವನ್ನು ಹಂಚುವ ರೂಟರ್‌ನಲ್ಲಿ ತಯಾರಕರು ತುಂಬಿ ಕೊಟ್ಟ ತಂತ್ರಾಂಶದ ಬದಲಿಗೆ ಹಾಕಿಕೊಳ್ಳಬಹುದಾದ, ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಕಾರ್ಯಾಚರಣ ವ್ಯವಸ್ಥೆಯೇ ಮುಕ್ತ ತಂತ್ರಾಂಶದ ರೂಟರ್ ಫರ್ಮ್‌ವೇರ್. ಇವುಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿ ಪ್ರಮುಖವಾದುದು. ಡಿಡಿ-ಡಬ್ಲ್ಯುಆರ್‌ಟಿ, ಫ್ರೆಶ್‌ಟೊಮೆಟೊ, ಗಾರ್ಗಾಯ್ಲ್, ಲಿಬ್ರೆಮೆಶ್ ಇತರ ಮುಖ್ಯ ಯೋಜನೆಗಳು. ತಯಾರಕರ ನೆರವು ನಿಂತ ಉಪಕರಣಗಳಿಗೆ ಭದ್ರತಾ ತಿದ್ದುಪಡಿ ಒದಗಿಸುವುದು, ದಟ್ಟಣೆ ನಿಯಂತ್ರಣ, ಅತಿಥಿ ಜಾಲ, ಮೆಶ್ ಜಾಲ ಮುಂತಾದ ಸೌಲಭ್ಯ ಸೇರಿಸುವುದು ಮತ್ತು ವೈ-ಫೈ ತೊಂದರೆಗಳ ಮೂಲವನ್ನು ಅಳೆದು ನೋಡಲು ಸಾಧನ ನೀಡುವುದು ಇವುಗಳ ಪ್ರಧಾನ ಉಪಯೋಗಗಳು. ಈ ಲೇಖನ ಇಂಥ ಫರ್ಮ್‌ವೇರ್‌ನ ಇತಿಹಾಸ, ರಚನೆ, ನವೀಕರಣ ವಿಧಾನ, ಮನೆಯ ವೈ-ಫೈ ದೋಷಪತ್ತೆ ಮತ್ತು ಕಲಬುರಗಿ ಜಿಲ್ಲೆಯ ಚೌಡಾಪುರದಂಥ ಊರುಗಳ ಪರಿಸರದಲ್ಲಿ ಇವುಗಳ ಅನ್ವಯವನ್ನು ವಿವರಿಸುತ್ತದೆ.

ಪರಿಭಾಷೆ

ಫರ್ಮ್‌ವೇರ್ ಎಂದರೆ ಉಪಕರಣದ ಫ್ಲ್ಯಾಶ್ ಸ್ಮೃತಿಯಲ್ಲಿ ನೆಲೆಸಿ, ವಿದ್ಯುತ್ ಕೊಟ್ಟೊಡನೆ ಅದನ್ನು ನಡೆಸುವ ತಂತ್ರಾಂಶ. ಆ ಸ್ಮೃತಿಗೆ ಬರೆಯಲು ಸಿದ್ಧವಾಗಿರುವ ಏಕೈಕ ಕಡತಕ್ಕೆ ಇಮೇಜ್ ಎಂದೂ ಬರೆಯುವ ಕ್ರಿಯೆಗೆ ಫ್ಲ್ಯಾಶ್ ಮಾಡುವುದು ಎಂದೂ ಹೆಸರು. ಫರ್ಮ್‌ವೇರ್‌ಗಿಂತ ಮೊದಲು ಎಚ್ಚರಗೊಂಡು, ಅದನ್ನು ಸ್ಮೃತಿಗೆ ಏರಿಸುವ ಚಿಕ್ಕ ಕಾರ್ಯಕ್ರಮ ಬೂಟ್‌ಲೋಡರ್.

ಫೈಬರ್ ಸಂಪರ್ಕದಲ್ಲಿ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಉಪಕರಣ ಓಎನ್‌ಟಿ. ಹೊರಗಿನ ಒಂದು ಸಂಪರ್ಕವನ್ನು ಒಳಗಿನ ಹಲವು ಉಪಕರಣಗಳಿಗೆ ಹಂಚುವುದು ರೂಟರ್. ತಂತಿಯ ಜಾಲವನ್ನು ರೇಡಿಯೊ ಅಲೆಗಳ ಮೂಲಕ ಹರಡುವುದು ಆಕ್ಸೆಸ್ ಪಾಯಿಂಟ್. ಮನೆಗಳಲ್ಲಿ ಈ ಮೂರೂ ಬಹುಮಟ್ಟಿಗೆ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆದರೂ ದೋಷ ಹುಡುಕುವಾಗ ಮೂರನ್ನೂ ಬೇರೆ ಬೇರೆಯಾಗಿ ಎಣಿಸಬೇಕಾಗುತ್ತದೆ.

ಉಗಮ ಮತ್ತು ಬೆಳವಣಿಗೆ

ಲಿಂಕ್‌ಸಿಸ್ ಸಂಸ್ಥೆ 2002ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ ಡಬ್ಲ್ಯುಆರ್‌ಟಿ54ಜಿ ಎಂಬ ಮನೆಬಳಕೆಯ ರೂಟರ್ ಈ ಇತಿಹಾಸದ ಆರಂಭಬಿಂದು. 2003ರಲ್ಲಿ ಸಿಸ್ಕೊ ಸಂಸ್ಥೆ ಲಿಂಕ್‌ಸಿಸ್ ಅನ್ನು ಕೊಂಡುಕೊಂಡಿತು. ಆ ರೂಟರ್‌ನ ಫರ್ಮ್‌ವೇರ್ ಲಿನಕ್ಸ್ ತಿರುಳನ್ನು ಆಧರಿಸಿದೆ ಎಂಬುದನ್ನು ಅದೇ ವರ್ಷ ತಂತ್ರಾಂಶ ತಜ್ಞರು ಕಂಡುಹಿಡಿದರು. ಲಿನಕ್ಸ್ ತಿರುಳಿನ ಪರವಾನಗಿಯಾದ ಜಿಪಿಎಲ್‌ನ ಎರಡನೆಯ ಆವೃತ್ತಿಯಂತೆ, ಅದನ್ನು ಅಳವಡಿಸಿ ಮಾರುವವರು ಮೂಲ ಸಂಕೇತವನ್ನೂ ಕೊಡಬೇಕು. ಬೇಡಿಕೆ ಬಲಗೊಂಡಾಗ ಸಂಸ್ಥೆ ಆ ಸಂಕೇತವನ್ನು ಬಿಡುಗಡೆ ಮಾಡಿತು. ಹವ್ಯಾಸಿಗಳು ಅದನ್ನು ತಿದ್ದಿ ಹೊಸ ಫರ್ಮ್‌ವೇರ್‌ಗಳನ್ನು ಕಟ್ಟತೊಡಗಿದರು.

2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಮೊದಲಾಯಿತು. ಡಿಡಿ-ಡಬ್ಲ್ಯುಆರ್‌ಟಿ 2005ರಲ್ಲಿ ರೂಪುಗೊಂಡಿತು. ಜೊನಾಥನ್ ಝರಾಟೆ ರಚಿಸಿದ ಟೊಮೆಟೊ ಅದರ ಬೆನ್ನಿಗೆ ಬಂತು. 2005ರಲ್ಲಿ ಡಬ್ಲ್ಯುಆರ್‌ಟಿ54ಜಿಯ ಐದನೆಯ ಆವೃತ್ತಿ ಲಿನಕ್ಸ್ ತೊರೆದು ವಿಎಕ್ಸ್‌ವರ್ಕ್ಸ್ ಎಂಬ ವ್ಯವಸ್ಥೆಗೆ ಬದಲಾಯಿತು. ಫ್ಲ್ಯಾಶ್ ಸ್ಮೃತಿಯೂ 2 ಮೆಗಾಬೈಟ್‌ಗೆ ಇಳಿಯಿತು. ಲಿನಕ್ಸ್ ಬಯಸುವವರಿಗಾಗಿ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಪ್ರತ್ಯೇಕ ಮಾದರಿ ಮಾರಾಟಕ್ಕೆ ಬಂತು. ಪರವಾನಗಿ ಪಾಲನೆಯ ವಿಷಯವಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ಡಿಸೆಂಬರ್‌ನಲ್ಲಿ ಸಿಸ್ಕೊ ಮೇಲೆ ಹೂಡಿದ ದಾವೆ 2009ರಲ್ಲಿ ರಾಜಿಯಲ್ಲಿ ಮುಗಿಯಿತು.

ಓಪನ್‌ಡಬ್ಲ್ಯುಆರ್‌ಟಿಯ ಮೊದಲ ಬಿಡುಗಡೆಗಳಿಗೆ ವೈಟ್ ರಷ್ಯನ್, ಕಾಮಿಕಾಝೆ, ಬ್ಯಾಕ್‌ಫೈರ್ ಮುಂತಾದ ಹೆಸರುಗಳಿದ್ದವು. 2016ರ ಮೇ ತಿಂಗಳಲ್ಲಿ ಅಭಿವೃದ್ಧಿಕಾರರ ಒಂದು ಗುಂಪು ಬೇರೆಯಾಗಿ ಲೀಡ್ ಎಂಬ ಯೋಜನೆ ಆರಂಭಿಸಿತು. 2018ರ ಜನವರಿಯಲ್ಲಿ ಎರಡೂ ಮತ್ತೆ ಒಂದಾದವು. ಒಂದಾದ ಬಳಿಕದ ಬಿಡುಗಡೆಗಳಿಗೆ ವರ್ಷ ಮತ್ತು ತಿಂಗಳನ್ನು ಸೂಚಿಸುವ ಅಂಕಿಗಳೇ ಹೆಸರು: 18.06, 19.07, 21.02, 22.03, 23.05, 24.10 ಮುಂತಾದವು. ಈ ಅಂಕಿ ಮೂಲ ಸಂಕೇತದ ಕವಲು ಬೇರ್ಪಟ್ಟ ಕಾಲವನ್ನು ಹೇಳುತ್ತದೆ. ಸ್ಥಿರ ಬಿಡುಗಡೆ ಅದಕ್ಕಿಂತ ಕೆಲವು ತಿಂಗಳು ತಡವಾಗಿರುತ್ತದೆ. ಉದಾಹರಣೆಗೆ 24.10 ಮಾಲಿಕೆ ಹೊರಬಂದದ್ದು 2025ರ ಫೆಬ್ರವರಿಯಲ್ಲಿ.

ರಚನೆ

ಓಪನ್‌ಡಬ್ಲ್ಯುಆರ್‌ಟಿಯ ತಳದಲ್ಲಿ ಲಿನಕ್ಸ್ ತಿರುಳು ಇದೆ. ಅದರ ಮೇಲೆ ಮಸಲ್ ಎಂಬ ಚಿಕ್ಕ ಸಿ ಗ್ರಂಥಾಲಯ ಮತ್ತು ಸಾಮಾನ್ಯ ಆಜ್ಞೆಗಳ ಸಂಕಲನವಾದ ಬಿಜಿಬಾಕ್ಸ್ ಇವೆ. ಐಪಿ ವಿಳಾಸ ಹಂಚಿಕೆ ಮತ್ತು ತಾಣದ ಹೆಸರನ್ನು ಅಂಕಿ ವಿಳಾಸವಾಗಿಸುವ ಡಿಎನ್‌ಎಸ್‌ಗೆ ಡಿಎನ್‌ಎಸ್‌ಮಾಸ್ಕ್, ದೂರದಿಂದ ಸುರಕ್ಷಿತವಾಗಿ ಪ್ರವೇಶಿಸಲು ಡ್ರಾಪ್‌ಬೇರ್, ವೈ-ಫೈ ಪ್ರವೇಶ ಮತ್ತು ಗೂಢಲಿಪಿಗೆ ಹೋಸ್ಟ್‌ಎಪಿಡಿ, ಜಾಲದ ಕೊಂಡಿಗಳ ನಿರ್ವಹಣೆಗೆ ನೆಟ್‌ಐಎಫ್‌ಡಿ ಕೆಲಸ ಮಾಡುತ್ತವೆ. ಎಲ್ಲ ಹೊಂದಿಕೆಗಳೂ ಯುಸಿಐ ಎಂಬ ಏಕರೂಪದ ಪದ್ಧತಿಯಲ್ಲಿ ಸರಳ ಪಠ್ಯ ಕಡತಗಳಾಗಿ ಉಳಿಯುತ್ತವೆ. ಬ್ರೌಸರ್‌ನಲ್ಲಿ ಕಾಣುವ ನಿರ್ವಹಣಾ ಪುಟಗಳ ಹೆಸರು ಲೂಸಿ.

ಫ್ಲ್ಯಾಶ್ ಸ್ಮೃತಿಯಲ್ಲಿ ಎರಡು ಪದರಗಳಿವೆ. ಮೂಲ ವ್ಯವಸ್ಥೆ ಬದಲಾಯಿಸಲಾಗದ, ಸಂಕುಚಿತಗೊಂಡ ಸ್ಕ್ವಾಶ್‌ಎಫ್‌ಎಸ್ ಭಾಗದಲ್ಲಿರುತ್ತದೆ. ಬಳಕೆದಾರರ ಹೊಂದಿಕೆಗಳೂ ಸೇರಿಸಿದ ತಂತ್ರಾಂಶ ಪೊಟ್ಟಣಗಳೂ ಅದರ ಮೇಲೆ ಹಾಸಿದ, ಬರೆಯಬಹುದಾದ ಓವರ್‌ಲೇ ಭಾಗದಲ್ಲಿರುತ್ತವೆ. ಹೊಂದಿಕೆ ಕೆಟ್ಟರೆ ಮೇಲಿನ ಪದರವನ್ನಷ್ಟೇ ಅಳಿಸಿ ಉಪಕರಣವನ್ನು ಮೊದಲ ಸ್ಥಿತಿಗೆ ತರಬಹುದು. ಫೇಲ್‌ಸೇಫ್ ಎಂಬ ರಕ್ಷಣಾ ಸ್ಥಿತಿ ಮೇಲಿನ ಪದರವನ್ನು ಕಡೆಗಣಿಸಿ ಕೆಳಗಿನದನ್ನು ಮಾತ್ರ ಚಾಲನೆಗೆ ತರುತ್ತದೆ.

ಫರ್ಮ್‌ವೇರ್ ಮುಕ್ತವಾಗಿದ್ದರೂ ರೇಡಿಯೊ ಚಿಪ್ ಪೂರ್ತಿ ಮುಕ್ತವಾಗಿರಬೇಕೆಂದಿಲ್ಲ. ಹಳೆಯ ಆಥೆರಾಸ್ ಚಿಪ್‌ಗಳ ಎಟಿಎಚ್9ಕೆ ಚಾಲಕ ಸಂಪೂರ್ಣ ಮುಕ್ತ. ಮೀಡಿಯಾಟೆಕ್ ಚಿಪ್‌ಗಳ ಎಂಟಿ76 ಚಾಲಕ ಮುಕ್ತವಾಗಿದ್ದರೂ ಹೊಸ ಚಿಪ್‌ಗಳಲ್ಲಿ ತಯಾರಕರ ಮುಚ್ಚಿದ ಸೂಕ್ಷ್ಮ ಕಾರ್ಯಕ್ರಮವೊಂದು ರೇಡಿಯೊ ಒಳಗೆ ಓಡುತ್ತಿರುತ್ತದೆ. ಬ್ರಾಡ್‌ಕಾಮ್‌ನ ಬಹುತೇಕ ಹೊಸ ವೈ-ಫೈ ಚಿಪ್‌ಗಳಿಗೆ ಬಳಸಬಹುದಾದ ಮುಕ್ತ ಚಾಲಕವಿಲ್ಲ. ಅಂಥ ರೂಟರ್‌ಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹಾಕಿದರೂ ವೈ-ಫೈ ನಡೆಯದಿರಬಹುದು ಅಥವಾ ಹಳೆಯ ವೇಗಕ್ಕೆ ಸೀಮಿತವಾಗಬಹುದು.

ಪ್ರಭೇದಗಳು

ಓಪನ್‌ಡಬ್ಲ್ಯುಆರ್‌ಟಿ ಪೊಟ್ಟಣಗಳನ್ನು ಒಂದೊಂದಾಗಿ ಸೇರಿಸಿ ತೆಗೆಯಬಹುದಾದ ಪೂರ್ಣ ಲಿನಕ್ಸ್ ವಿತರಣೆ. ಡಿಡಿ-ಡಬ್ಲ್ಯುಆರ್‌ಟಿ ಸಿದ್ಧ ಸೌಲಭ್ಯಗಳ ಒಂದೇ ಕಟ್ಟಾಗಿ ಬರುತ್ತದೆ. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಮುಚ್ಚಿದ ಚಾಲಕವನ್ನೂ ಒದಗಿಸುತ್ತದೆ. ಟೊಮೆಟೊದ ಇಂದಿನ ಮುಂದುವರಿಕೆಯಾದ ಫ್ರೆಶ್‌ಟೊಮೆಟೊ ಬ್ರಾಡ್‌ಕಾಮ್ ರೂಟರ್‌ಗಳಿಗೆ ಮೀಸಲು. ಗಾರ್ಗಾಯ್ಲ್ ಓಪನ್‌ಡಬ್ಲ್ಯುಆರ್‌ಟಿಯನ್ನೇ ಆಧರಿಸಿ, ಯಾವ ಉಪಕರಣ ಎಷ್ಟು ಡೇಟಾ ಬಳಸಿತು ಎಂಬ ಲೆಕ್ಕ ಮತ್ತು ಮಿತಿ ನಿಗದಿಗೆ ಒತ್ತು ಕೊಡುತ್ತದೆ. ಲಿಬ್ರೆಮೆಶ್ ಊರಿನ ಮಟ್ಟದ ಸಮುದಾಯ ಜಾಲಗಳಿಗಾಗಿ ಓಪನ್‌ಡಬ್ಲ್ಯುಆರ್‌ಟಿ ಮೇಲೆ ಕಟ್ಟಿದ ವ್ಯವಸ್ಥೆ. ಹಲವು ತಯಾರಕರು ತಾವೇ ಓಪನ್‌ಡಬ್ಲ್ಯುಆರ್‌ಟಿಯ ಹಳೆಯ ಆವೃತ್ತಿಯನ್ನು ತಿದ್ದಿ ಸ್ವಂತ ಫರ್ಮ್‌ವೇರ್ ಎಂದು ತುಂಬುವುದೂ ಉಂಟು.

ಯಂತ್ರಾಂಶದ ಅಗತ್ಯ

ಫ್ಲ್ಯಾಶ್ ಮತ್ತು ರ‍್ಯಾಮ್ ಗಾತ್ರಗಳು ನವೀಕರಣದ ಮಿತಿಯನ್ನು ನಿರ್ಧರಿಸುತ್ತವೆ. 4 ಮೆಗಾಬೈಟ್ ಫ್ಲ್ಯಾಶ್, 32 ಮೆಗಾಬೈಟ್ ರ‍್ಯಾಮ್ ಉಳ್ಳ ಉಪಕರಣಗಳಿಗೆ ಅಧಿಕೃತ ಬೆಂಬಲ 19.07 ಮಾಲಿಕೆಗೆ ಕೊನೆಗೊಂಡಿತು. 21.02ರಿಂದ ಕನಿಷ್ಠ ಅಗತ್ಯ 8 ಮೆಗಾಬೈಟ್ ಫ್ಲ್ಯಾಶ್ ಮತ್ತು 64 ಮೆಗಾಬೈಟ್ ರ‍್ಯಾಮ್. ಹೊಸದಾಗಿ ಕೊಳ್ಳುವಾಗ 16 ಮೆಗಾಬೈಟ್ ಫ್ಲ್ಯಾಶ್ ಮತ್ತು 128 ಮೆಗಾಬೈಟ್ ರ‍್ಯಾಮ್ ಅಥವಾ ಅದಕ್ಕಿಂತ ಹೆಚ್ಚಿನದು ಬೇಕೆಂಬುದು ಯೋಜನೆಯ ಸೂಚನೆ.

ಮಾದರಿಯ ಹೆಸರೊಂದೇ ಸಾಲದು. ಒಂದೇ ಹೆಸರಿನ ರೂಟರ್ ಬೇರೆ ಬೇರೆ ಯಂತ್ರಾಂಶ ಆವೃತ್ತಿಗಳಲ್ಲಿ ಮಾರಾಟವಾಗುತ್ತದೆ. ಭಾರತದಲ್ಲಿ ಬಹಳ ಮಾರಾಟವಾದ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಆರ್841ಎನ್‌ನ ಆರಂಭದ ಆವೃತ್ತಿಗಳಲ್ಲಿ ಆಥೆರಾಸ್ ವಂಶದ ಚಿಪ್, 13 ಮತ್ತು 14ನೆಯ ಆವೃತ್ತಿಗಳಲ್ಲಿ ಮೀಡಿಯಾಟೆಕ್ ಚಿಪ್ ಇವೆ. ಒಂದರ ಇಮೇಜ್ ಇನ್ನೊಂದಕ್ಕೆ ಹೊಂದುವುದಿಲ್ಲ. ಆವೃತ್ತಿಯ ಸಂಖ್ಯೆ ಉಪಕರಣದ ತಳದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ.

ನವೀಕರಣದ ವಿಧಾನ

ಇಮೇಜ್‌ಗಳಲ್ಲಿ ಎರಡು ಬಗೆ. ತಯಾರಕರ ಫರ್ಮ್‌ವೇರ್‌ನಿಂದ ಮೊದಲ ಬಾರಿ ಬದಲಾಯಿಸುವಾಗ ಬಳಸುವುದು ಫ್ಯಾಕ್ಟರಿ ಇಮೇಜ್. ಈಗಾಗಲೇ ಓಪನ್‌ಡಬ್ಲ್ಯುಆರ್‌ಟಿ ಇರುವ ಉಪಕರಣವನ್ನು ಹೊಸ ಆವೃತ್ತಿಗೆ ಏರಿಸುವಾಗ ಬಳಸುವುದು ಸಿಸ್‌ಅಪ್‌ಗ್ರೇಡ್ ಇಮೇಜ್. ನವೀಕರಣದ ಕ್ರಮ ಹೀಗಿದೆ:

1. ಉಪಕರಣದ ಮಾದರಿ, ಯಂತ್ರಾಂಶ ಆವೃತ್ತಿ ಮತ್ತು ಈಗಿನ ಫರ್ಮ್‌ವೇರ್ ಆವೃತ್ತಿಯನ್ನು ಗುರುತು ಮಾಡಿಕೊಳ್ಳುವುದು.

2. ಯೋಜನೆಯ ಅಧಿಕೃತ ತಾಣದಿಂದ ಇಮೇಜ್ ಇಳಿಸಿಕೊಂಡು, ಅದರ ಎಸ್‌ಎಚ್‌ಎ-256 ಮೊತ್ತವನ್ನು ತಾಣದಲ್ಲಿ ಕೊಟ್ಟಿರುವುದರೊಂದಿಗೆ ಹೋಲಿಸುವುದು. ಮೊತ್ತ ಬೇರೆಯಾದರೆ ಕಡತ ಕೆಟ್ಟಿದೆ ಅಥವಾ ತಿದ್ದಲ್ಪಟ್ಟಿದೆ ಎಂದರ್ಥ.

3. ಲೂಸಿಯ ಬ್ಯಾಕಪ್ ಪುಟದಿಂದ ಹೊಂದಿಕೆಗಳ ಪ್ರತಿಯನ್ನು ಕಂಪ್ಯೂಟರ್‌ಗೆ ಉಳಿಸುವುದು. ಸಂಪರ್ಕ ಸೇವೆಯ ಬಳಕೆದಾರ ಹೆಸರು, ಗುಪ್ತಪದ, ವಿಎಲ್‌ಎಎನ್ (ಜಾಲದ ವಿಭಾಗ) ಸಂಖ್ಯೆಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು.

4. ಕಂಪ್ಯೂಟರನ್ನು ರೂಟರ್‌ನ ಲ್ಯಾನ್ ಕಿಂಡಿಗೆ ತಂತಿಯಲ್ಲಿ ಜೋಡಿಸುವುದು. ವೈ-ಫೈ ಮೂಲಕ ಕಳಿಸುವಾಗ ಸಂಪರ್ಕ ಕಡಿದರೆ ಕಡತ ಅಪೂರ್ಣವಾಗಿ ತಲುಪಬಹುದು.

5. ರೂಟರ್ ಮತ್ತು ಕಂಪ್ಯೂಟರ್ ಎರಡಕ್ಕೂ ಯುಪಿಎಸ್ ಇಲ್ಲವೆ ಇನ್ವರ್ಟರ್ ಆಸರೆ ಒದಗಿಸುವುದು.

6. ಇಮೇಜ್ ಏರಿಸಿ, ಉಪಕರಣ ತಾನಾಗಿ ಮರುಚಾಲನೆಗೊಳ್ಳುವವರೆಗೆ ವಿದ್ಯುತ್ ತೆಗೆಯದೆ ಕಾಯುವುದು.

ಮೊದಲ ಬಾರಿ ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರ್‌ನ ವಿಳಾಸ 192.168.1.1, ಬಳಕೆದಾರ ಹೆಸರು ರೂಟ್. ಗುಪ್ತಪದ ಇರುವುದಿಲ್ಲ, ಅದನ್ನು ಕೂಡಲೇ ನಿಗದಿಪಡಿಸಬೇಕು. ಸಾಮಾನ್ಯವಾಗಿ ವೈ-ಫೈ ನಿಲ್ಲಿಸಿದ ಸ್ಥಿತಿಯಲ್ಲಿರುತ್ತದೆ. ದೇಶಸಂಕೇತ, ಜಾಲದ ಹೆಸರು, ಗೂಢಲಿಪಿಯ ಬಗೆಗಳನ್ನು ಆಯ್ದು ಚಾಲೂ ಮಾಡಬೇಕು.

ಹಳೆಯ ಹೊಂದಿಕೆಗಳನ್ನು ಉಳಿಸಿಕೊಂಡು ಏರುವುದು ಎಲ್ಲ ಸಂದರ್ಭಗಳಲ್ಲೂ ಸಾಧ್ಯವಲ್ಲ. 21.02ರಲ್ಲಿ ಅನೇಕ ಉಪಕರಣಗಳ ತಂತಿ ಕಿಂಡಿಗಳ ನಿರ್ವಹಣೆ ಸ್ವಿಚ್‌ಕಾನ್ಫಿಗ್ ಪದ್ಧತಿಯಿಂದ ಡಿಎಸ್‌ಎ ಪದ್ಧತಿಗೆ ಬದಲಾಯಿತು. ಅಂಥ ಉಪಕರಣಗಳಲ್ಲಿ ಹಳೆಯ ವಿಎಲ್‌ಎಎನ್ ಹೊಂದಿಕೆ ನಡೆಯುವುದಿಲ್ಲ. ಆದ್ದರಿಂದ ಹೊಂದಿಕೆ ಅಳಿಸಿ ಹೊಸದಾಗಿ ಆರಂಭಿಸಬೇಕು. 22.03ರಲ್ಲಿ ಫೈರ್‌ವಾಲ್ ಐಪಿಟೇಬಲ್ಸ್‌ನಿಂದ ಎನ್‌ಎಫ್‌ಟೇಬಲ್ಸ್‌ಗೆ ಬದಲಾದ್ದರಿಂದ ಬಳಕೆದಾರರು ಕೈಯಾರೆ ಬರೆದ ಹಳೆಯ ನಿಯಮಗಳನ್ನು ಹೊಸ ರೀತಿಯಲ್ಲಿ ಬರೆಯಬೇಕಾಯಿತು. ನಂತರ ಸೇರಿಸಿದ ಪೊಟ್ಟಣಗಳು ಸಾಮಾನ್ಯ ಸಿಸ್‌ಅಪ್‌ಗ್ರೇಡ್‌ನಲ್ಲಿ ಉಳಿಯುವುದಿಲ್ಲ. ಅವನ್ನೂ ಒಳಗೊಂಡ ಇಮೇಜನ್ನು ಕಟ್ಟಿಸಿ ತರುವ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಎಂಬ ಸೇವೆ ಇದೆ. ಪೊಟ್ಟಣಗಳನ್ನು ಒಂದೊಂದಾಗಿ ಹೊಸದಕ್ಕೆ ಏರಿಸುವ ಪದ್ಧತಿ ತಿರುಳಿನೊಂದಿಗೆ ಹೊಂದಾಣಿಕೆ ತಪ್ಪಿಸಬಹುದಾದ್ದರಿಂದ ಇಡೀ ಇಮೇಜನ್ನೇ ಬದಲಾಯಿಸುವುದು ವಾಡಿಕೆ.

ವಿಫಲತೆ ಮತ್ತು ಚೇತರಿಕೆ

ತಪ್ಪು ಇಮೇಜ್, ಅರ್ಧಕ್ಕೆ ನಿಂತ ಬರಹ ಅಥವಾ ತಪ್ಪು ಹೊಂದಿಕೆಯಿಂದ ರೂಟರ್ ಸ್ಪಂದಿಸದೆ ಹೋಗಬಹುದು. ಚೇತರಿಕೆಯ ಮುಖ್ಯ ಹಾದಿಗಳು ಮೂರು.

ಹೊಂದಿಕೆ ಮಾತ್ರ ಕೆಟ್ಟಿದ್ದರೆ ಫೇಲ್‌ಸೇಫ್ ಸಾಕು. ಚಾಲನೆಯ ವೇಳೆ ದೀಪ ಬೇಗಬೇಗನೆ ಮಿನುಗುವಾಗ ರೀಸೆಟ್ ಗುಂಡಿ ಒತ್ತಿದರೆ ಈ ಸ್ಥಿತಿಗೆ ಪ್ರವೇಶ ಸಿಗುತ್ತದೆ. ಕಂಪ್ಯೂಟರ್‌ಗೆ 192.168.1.2ರಂಥ ಸ್ಥಿರ ವಿಳಾಸ ಕೊಟ್ಟು ರೂಟರ್‌ಗೆ ಪ್ರವೇಶಿಸಿ ಹೊಂದಿಕೆಗಳನ್ನು ಅಳಿಸಬಹುದು.

ಇಮೇಜ್ ಕೆಟ್ಟಿದ್ದು ಬೂಟ್‌ಲೋಡರ್ ಉಳಿದಿದ್ದರೆ ಟಿಎಫ್‌ಟಿಪಿ ಎಂಬ ಸರಳ ಕಡತ ವರ್ಗಾವಣೆ ವಿಧಾನದ ಮೂಲಕ ಹೊಸ ಇಮೇಜ್ ಕಳಿಸಬಹುದು. ಅನೇಕ ಟಿಪಿ-ಲಿಂಕ್ ಮಾದರಿಗಳು ಚಾಲನೆಯ ವೇಳೆ ಗುಂಡಿ ಒತ್ತಿದ್ದರೆ 192.168.0.66 ವಿಳಾಸದ ಕಂಪ್ಯೂಟರ್‌ನಿಂದ ನಿಗದಿತ ಹೆಸರಿನ ಕಡತವನ್ನು ಕೇಳಿ ಪಡೆಯುತ್ತವೆ.

ಇವೆರಡೂ ಫಲಿಸದಿದ್ದಾಗ ಮಂಡಳಿಯ ಮೇಲಿನ ಸೀರಿಯಲ್ ಬಿಂದುಗಳಿಗೆ 3.3 ವೋಲ್ಟ್‌ನ ಯುಎಸ್‌ಬಿ-ಟಿಟಿಎಲ್ ತಂತಿ ಜೋಡಿಸಿ ಬೂಟ್‌ಲೋಡರ್‌ನೊಂದಿಗೆ ನೇರವಾಗಿ ವ್ಯವಹರಿಸಬೇಕು. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಬೂಟ್‌ಲೋಡರೇ ಅಳಿಸಿದ್ದರೆ ಫ್ಲ್ಯಾಶ್ ಚಿಪ್‌ಗೆ ಪ್ರೋಗ್ರಾಮರ್ ಉಪಕರಣದಿಂದ ನೇರವಾಗಿ ಬರೆಯಬೇಕಾಗುತ್ತದೆ.

ಮನೆಯ ವೈ-ಫೈ ದೋಷಪತ್ತೆ

ಬಳಕೆದಾರರು ನೆಟ್ ನಿಧಾನ ಅಥವಾ ವೈ-ಫೈ ಹೋಗಿದೆ ಎಂದು ಹೇಳುವ ತೊಂದರೆಯ ಮೂಲ ಹೊರಗಿನ ಲೈನು, ರೂಟರ್, ರೇಡಿಯೊ ಹಾದಿ ಈ ಮೂರರಲ್ಲಿ ಒಂದಾಗಿರುತ್ತದೆ. ಫರ್ಮ್‌ವೇರ್ ನವೀಕರಣ ಎರಡನೆಯದನ್ನು ಬಹುಮಟ್ಟಿಗೂ ಮೂರನೆಯದನ್ನು ಭಾಗಶಃವೂ ಸರಿಪಡಿಸಬಲ್ಲದು. ಮೊದಲನೆಯದನ್ನು ಅದು ಮುಟ್ಟಲಾರದು. ಆದ್ದರಿಂದ ಮೂಲವನ್ನು ಬೇರ್ಪಡಿಸುವುದು ಪರೀಕ್ಷೆಯ ಮೊದಲ ಹಂತ. ಕಂಪ್ಯೂಟರನ್ನು ತಂತಿಯಲ್ಲಿ ಜೋಡಿಸಿದಾಗಲೂ ತೊಂದರೆ ಉಳಿದರೆ ಕಾರಣ ಲೈನು ಅಥವಾ ರೂಟರ್. ತಂತಿಯಲ್ಲಿ ಸರಿಯಿದ್ದು ವೈ-ಫೈಯಲ್ಲಿ ಮಾತ್ರ ಕಂಡರೆ ಕಾರಣ ರೇಡಿಯೊ.

ಹೊರಗಿನ ಲೈನು: ಓಎನ್‌ಟಿಯಲ್ಲಿ ಎಲ್‌ಓಎಸ್ ದೀಪ ಕೆಂಪಾಗಿದ್ದರೆ ಬೆಳಕು ಬರುತ್ತಿಲ್ಲ ಎಂದರ್ಥ. ಬೆಳಕಿನ ಮಟ್ಟ ಕುಗ್ಗಿದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಜಿಪಿಓಎನ್ ಪದ್ಧತಿಯ ಬಿ-ಪ್ಲಸ್ ದರ್ಜೆಯಲ್ಲಿ ಓಎನ್‌ಟಿ ಗ್ರಹಿಸಬಲ್ಲ ಕನಿಷ್ಠ ಮಟ್ಟ -27 ಡಿಬಿಎಂ. ಮಡಚಿದ ಫೈಬರ್, ಕೊಳಕಾದ ಕನೆಕ್ಟರ್ ಮತ್ತು ಸರಿಯಿಲ್ಲದ ಜೋಡಣೆ ಇದರ ಸಾಮಾನ್ಯ ಕಾರಣಗಳು. ಇವು ಸೇವೆ ಕೊಡುವವರು ಸರಿಪಡಿಸಬೇಕಾದವು.

ರೂಟರ್: ರೂಟರ್‌ನ ವಿಳಾಸ, ನಂತರ 8.8.8.8ರಂಥ ಹೊರಗಿನ ಅಂಕಿ ವಿಳಾಸ, ಕೊನೆಗೆ ಒಂದು ತಾಣದ ಹೆಸರು ಈ ಕ್ರಮದಲ್ಲಿ ಪಿಂಗ್ ಮಾಡಿದರೆ ದೋಷದ ಸ್ಥಾನ ತಿಳಿಯುತ್ತದೆ. ಅಂಕಿ ವಿಳಾಸ ಉತ್ತರಿಸಿ ಹೆಸರು ಉತ್ತರಿಸದಿದ್ದರೆ ದೋಷ ಡಿಎನ್‌ಎಸ್‌ನದು. ಪಿಪಿಪಿಓಇ ಸಂಪರ್ಕದಲ್ಲಿ ಒಂದು ದತ್ತಾಂಶ ಪೊಟ್ಟಣದ ಗರಿಷ್ಠ ಗಾತ್ರ 1500ರ ಬದಲು 1492 ಬೈಟ್. ಇದು ಹೊಂದದಿದ್ದರೆ ಕೆಲವು ತಾಣಗಳು ಮಾತ್ರ ತೆರೆಯದೆ ಉಳಿಯುತ್ತವೆ. ಓಎನ್‌ಟಿಯೂ ಅದರ ಹಿಂದಿನ ಸ್ವಂತ ರೂಟರ್ ಕೂಡ 192.168.1.1 ವಿಳಾಸವನ್ನೇ ಹೊಂದಿದ್ದರೆ ಜಾಲ ನಡೆಯುವುದಿಲ್ಲ. ಸ್ವಂತ ರೂಟರ್‌ಗೆ 192.168.2.1ರಂಥ ಬೇರೆ ವಿಳಾಸ ಕೊಡಬೇಕು ಅಥವಾ ಓಎನ್‌ಟಿಯನ್ನು ಬ್ರಿಜ್ ಸ್ಥಿತಿಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ತರಿಸಬೇಕು. ಹೊರಗಿನ ವಿಳಾಸ 100.64.0.0ರಿಂದ 100.127.255.255ರ ನಡುವೆ ಇದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದಾರೆ ಎಂದರ್ಥ. ಆಗ ಹೊರಗಿನಿಂದ ಮನೆಯ ಕ್ಯಾಮೆರಾ ತಲುಪಲು ಪೋರ್ಟ್ ಫಾರ್ವರ್ಡಿಂಗ್ ಉಪಯೋಗಕ್ಕೆ ಬಾರದು.

ಒಬ್ಬರು ದೊಡ್ಡ ಕಡತ ಏರಿಸುವಾಗ ಇನ್ನೊಬ್ಬರ ವಿಡಿಯೊ ಕರೆ ತಡವರಿಸುವುದು ಬಫರ್‌ಬ್ಲೋಟ್‌ನ ಲಕ್ಷಣ. ರೂಟರ್ ಅಥವಾ ಮೋಡೆಮ್‌ನಲ್ಲಿ ದತ್ತಾಂಶ ಪೊಟ್ಟಣಗಳು ಅತಿಯಾಗಿ ಸಾಲುಗಟ್ಟುವುದೇ ಇದಕ್ಕೆ ಕಾರಣ. ಓಪನ್‌ಡಬ್ಲ್ಯುಆರ್‌ಟಿಯ ಎಸ್‌ಕ್ಯೂಎಂ ಎಂಬ ತಂತ್ರಾಂಶ ಪೊಟ್ಟಣ ಮತ್ತು 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ ಕೇಕ್ ಎಂಬ ಸಾಲು ನಿರ್ವಹಣಾ ವಿಧಾನ ಇದಕ್ಕೆ ಪರಿಹಾರ. ಅಳೆದ ವೇಗದ ಶೇ. 85ರಿಂದ 95ರಷ್ಟನ್ನು ಮಿತಿಯಾಗಿ ನಮೂದಿಸುವುದು ರೂಢಿ.

ರೇಡಿಯೊ ಹಾದಿ: ವೈ-ಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಪಟ್ಟಿಗಳನ್ನು ಬಳಸುತ್ತದೆ. 2.4 ದೂರ ಹೋಗುತ್ತದೆ, ಗೋಡೆಗಳನ್ನು ಹೆಚ್ಚು ದಾಟುತ್ತದೆ. ಆದರೆ ಪರಸ್ಪರ ಮೇಲೆಬೀಳದ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳು ಅದರಲ್ಲಿ ಮೂರೇ: 1, 6 ಮತ್ತು 11. ಬ್ಲೂಟೂತ್, ಮೈಕ್ರೋವೇವ್ ಒಲೆ, ನೆರೆಮನೆಯ ರೂಟರ್‌ಗಳೂ ಇದೇ ಪಟ್ಟಿಯಲ್ಲಿವೆ. ನೆರೆಯವರಿಗಿಂತ ಬೇರೆಯಾಗಲೆಂದು 3 ಅಥವಾ 8ನ್ನು ಆರಿಸಿದರೆ ಎರಡು ಚಾನೆಲ್‌ಗಳ ಗದ್ದಲವನ್ನು ಒಟ್ಟಿಗೆ ಎದುರಿಸಬೇಕಾಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಹೆಚ್ಚು, ವೇಗವೂ ಹೆಚ್ಚು, ವ್ಯಾಪ್ತಿ ಕಡಿಮೆ. ಇದರ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ರೂಟರ್ ಕನಿಷ್ಠ 60 ಸೆಕೆಂಡು ಆಲಿಸಿದ ಮೇಲೆಯೇ ಪ್ರಸಾರ ಮಾಡಬೇಕು. ರೇಡಾರ್ ಕಂಡುಬಂದರೆ ಜಾಗ ಬಿಡಬೇಕು. ಚಾಲನೆಯ ನಂತರ 5 ಗಿಗಾಹರ್ಟ್ಸ್ ಜಾಲ ತಡವಾಗಿ ಕಾಣಿಸುವುದಕ್ಕೆ ಇದು ಕಾರಣವಾಗಿರಬಹುದು.

ಸಂಕೇತದ ಬಲವನ್ನು ಡಿಬಿಎಂ ಎಂಬ ಋಣ ಅಂಕಿಯಲ್ಲಿ ಅಳೆಯುತ್ತಾರೆ. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. -50ರ ಆಸುಪಾಸು ಉತ್ತಮ. -67ರವರೆಗೆ ಧ್ವನಿ ಮತ್ತು ವಿಡಿಯೊ ಕರೆಗೆ ಸಾಕು. -80ರ ನಂತರ ಸಂಪರ್ಕ ಅಸ್ಥಿರ. ಓಪನ್‌ಡಬ್ಲ್ಯುಆರ್‌ಟಿಯ ಐಡಬ್ಲ್ಯುಇನ್ಫೊ ಆಜ್ಞೆ ಪ್ರತಿ ಉಪಕರಣದ ಬಲ ಮತ್ತು ವೇಗವನ್ನೂ, ಲಾಗ್‌ರೀಡ್ ಆಜ್ಞೆ ಸಂಪರ್ಕ ಕಡಿದ ದಾಖಲೆಯನ್ನೂ ತೋರಿಸುತ್ತವೆ. ಫೋನಿನಿಂದ ರೂಟರ್‌ಗೆ ಮರಳುವ ಸಂಕೇತ ದುರ್ಬಲವಾಗಿದ್ದರೆ ರೂಟರ್‌ನ ಪ್ರಸಾರ ಶಕ್ತಿ ಏರಿಸಿ ಪ್ರಯೋಜನವಿಲ್ಲ. ಯಾವ ಆಕ್ಸೆಸ್ ಪಾಯಿಂಟ್‌ಗೆ ಸೇರಬೇಕೆಂಬ ನಿರ್ಣಯವೂ ಫೋನಿನದೇ.

ನವೀಕರಣದ ಬಳಿಕ ಹಳೆಯ ಫೋನ್ ಅಥವಾ ಪ್ರಿಂಟರ್ ಸೇರದೆ ಹೋದರೆ ಗೂಢಲಿಪಿಯ ಬಗೆಯನ್ನು ಪರೀಕ್ಷಿಸಬೇಕು. ಡಬ್ಲ್ಯುಪಿಎ3 ಮಾತ್ರ ಅಥವಾ ಡಬ್ಲ್ಯುಪಿಎ2-ಡಬ್ಲ್ಯುಪಿಎ3 ಮಿಶ್ರ ಸ್ಥಿತಿಯನ್ನು ಗುರುತಿಸದ ಉಪಕರಣಗಳಿಗಾಗಿ ಡಬ್ಲ್ಯುಪಿಎ2 ಇರುವ ಪ್ರತ್ಯೇಕ ಜಾಲವೊಂದನ್ನು ತೆರೆಯಬಹುದು.

ಚೌಡಾಪುರ ಪ್ರದೇಶದ ಸನ್ನಿವೇಶ

ಚೌಡಾಪುರ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಕಲಬುರಗಿ-ಅಫಜಲಪುರ ರಸ್ತೆಯ ಮೇಲಿರುವ ಊರು. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ಇರುವ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಹೋಗುವ ದಾರಿ ಇಲ್ಲಿ ಕವಲೊಡೆಯುತ್ತದೆ. ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಕಟ್ಟಡ, ಹವಾಮಾನ ಮತ್ತು ವಿದ್ಯುತ್ ಪರಿಸ್ಥಿತಿ ಮನೆಯ ವೈ-ಫೈ ಮೇಲೆ ನೇರ ಪರಿಣಾಮ ಬೀರುತ್ತವೆ.

ಈ ಪ್ರದೇಶದ ಹಳೆಯ ಮಾಳಿಗೆ ಮನೆಗಳ ಗೋಡೆ ಕಲ್ಲು-ಮಣ್ಣಿನದು, ದಪ್ಪ. ಹೊಸ ಮನೆಗಳ ಛಾವಣಿ ಕಬ್ಬಿಣದ ಸರಳುಗಳಿರುವ ಆರ್‌ಸಿಸಿ. ಎರಡೂ ರೇಡಿಯೊ ಅಲೆಗಳನ್ನು ತಗ್ಗಿಸುತ್ತವೆ, 5 ಗಿಗಾಹರ್ಟ್ಸ್ ಅನ್ನು ಇನ್ನೂ ಹೆಚ್ಚು. ಪಡಸಾಲೆಯಲ್ಲಿಟ್ಟ ರೂಟರ್‌ನ ಸಂಕೇತ ಒಳಕೋಣೆಗೆ ತಲುಪದಿದ್ದರೆ ಅಲ್ಲಿಗೆ ಈಥರ್‌ನೆಟ್ ತಂತಿ ಎಳೆದು ಎರಡನೆಯ ಆಕ್ಸೆಸ್ ಪಾಯಿಂಟ್ ಇಡುವುದು ಖಚಿತ ಪರಿಹಾರ. ಬಳಕೆ ತಪ್ಪಿದ ಹಳೆಯ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಅದರ ಡಿಎಚ್‌ಸಿಪಿ (ಐಪಿ ವಿಳಾಸ ಹಂಚಿಕೆ) ನಿಲ್ಲಿಸಿ, ಲ್ಯಾನ್ ಕಿಂಡಿಯಿಂದ ಜೋಡಿಸಿದರೆ ಈ ಕೆಲಸಕ್ಕೆ ಒದಗುತ್ತದೆ. ತಂತಿಯಿಲ್ಲದ ರಿಪೀಟರ್ ಒಂದೇ ರೇಡಿಯೊದಲ್ಲಿ ಪಡೆದು ಮರಳಿ ಕಳಿಸುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮನೆಬಳಕೆಯ ಬಹುತೇಕ ರೂಟರ್‌ಗಳಿಗೆ ತಯಾರಕರು ನಮೂದಿಸುವ ಕಾರ್ಯಾಚರಣ ಮಿತಿಯೂ 0ರಿಂದ 40 ಡಿಗ್ರಿ. ಪತ್ರಾಸಿನ ಅಡಿಯಲ್ಲಿ, ಮುಚ್ಚಿದ ಕಪಾಟಿನಲ್ಲಿ ಅಥವಾ ಇನ್ವರ್ಟರ್ ಮೇಲೆ ಇಟ್ಟ ರೂಟರ್ ಮಧ್ಯಾಹ್ನದ ಹೊತ್ತು ಮರುಚಾಲನೆಗೊಳ್ಳುವುದು ಕಾವಿನ ಪರಿಣಾಮವಾಗಿರಬಹುದು. ಗೋಡೆಯ ಮೇಲೆ ಗಾಳಿಯಾಡುವ ಎತ್ತರದಲ್ಲಿ ಅಳವಡಿಸುವುದು ಇದಕ್ಕೆ ಪರಿಹಾರ.

ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ವ್ಯಾಪ್ತಿಯ ಹಳ್ಳಿಗಳಲ್ಲಿ ಕರೆಂಟ್ ಹೋದಾಗ ರೂಟರ್ ಮತ್ತು ಓಎನ್‌ಟಿ ಎರಡಕ್ಕೂ ಆಸರೆ ಬೇಕು. ರೂಟರ್‌ಗಷ್ಟೇ ಯುಪಿಎಸ್ ಕೊಟ್ಟರೆ ವೈ-ಫೈ ಗುರುತು ಕಾಣುತ್ತದೆ, ಅಂತರಜಾಲ ಇರುವುದಿಲ್ಲ. 12 ವೋಲ್ಟ್‌ನ ಪುಟ್ಟ ಯುಪಿಎಸ್‌ಗಳು ಇದಕ್ಕೆಂದೇ ದೊರೆಯುತ್ತವೆ. ಹಳತಾದ ಅಡಾಪ್ಟರ್ ಸಾಕಷ್ಟು ವಿದ್ಯುತ್ ಪೂರೈಸದಿದ್ದಾಗಲೂ ರೂಟರ್ ಪದೇ ಪದೇ ಮರುಚಾಲನೆಗೊಳ್ಳುತ್ತದೆ. ಈ ಲಕ್ಷಣ ಫರ್ಮ್‌ವೇರ್ ದೋಷದಂತೆಯೇ ಕಾಣುವುದರಿಂದ ನವೀಕರಣಕ್ಕೆ ಮೊದಲು ಅಡಾಪ್ಟರ್ ಬದಲಿಸಿ ನೋಡಬೇಕು. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ಕಾಲದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಎಳೆದ ತಾಮ್ರದ ಈಥರ್‌ನೆಟ್ ತಂತಿ ವಿದ್ಯುತ್ ಆಘಾತವನ್ನು ಹೊತ್ತು ತರಬಲ್ಲದು. ಗಾಜಿನ ಫೈಬರ್‌ಗೆ ಈ ಗುಣವಿಲ್ಲ.

ಗಾಣಗಾಪುರದಂಥ ಯಾತ್ರಾಸ್ಥಳದ ವಸತಿಗೃಹಗಳಲ್ಲಿ ಒಂದೇ ಸಂಪರ್ಕವನ್ನು ಅನೇಕರು ಹಂಚಿಕೊಳ್ಳುತ್ತಾರೆ. ಅತಿಥಿ ಜಾಲವನ್ನು ಕಚೇರಿಯ ಕಂಪ್ಯೂಟರ್ ಮತ್ತು ಕ್ಯಾಮೆರಾಗಳಿಂದ ಬೇರ್ಪಡಿಸುವುದು, ಎಸ್‌ಕ್ಯೂಎಂ ಮೂಲಕ ಪಾಲು ಸಮಗೊಳಿಸುವುದು, ಓಪನ್‌ಎನ್‌ಡಿಎಸ್‌ನಂಥ ಪೊಟ್ಟಣದಿಂದ ಪ್ರವೇಶ ಪುಟ ಒದಗಿಸುವುದು ಇಂಥಲ್ಲಿ ಅನ್ವಯಿಸುತ್ತವೆ.

ಸಮುದಾಯ ಜಾಲಗಳು

ಮುಕ್ತ ಫರ್ಮ್‌ವೇರ್ ಮನೆಯಾಚೆ ಹೆಚ್ಚು ಬಳಕೆಯಾದದ್ದು ಮೆಶ್ ಜಾಲಗಳಲ್ಲಿ. ಇಲ್ಲಿ ಪ್ರತಿ ರೂಟರ್ ನೆರೆಯ ರೂಟರ್‌ನ ಸಂಚಾರವನ್ನೂ ಮುಂದೆ ಸಾಗಿಸುತ್ತದೆ. ಜರ್ಮನಿಯ ಫ್ರೈಫಂಕ್ ಮತ್ತು ಸ್ಪೇನಿನ ಕ್ಯಾಟಲೋನಿಯಾದ ಗುಯಿಫಿ ಇದರ ದೊಡ್ಡ ನಿದರ್ಶನಗಳು. ಭಾರತದಲ್ಲಿ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಹೊರಾಂಗಣ ಪರವಾನಗಿ ವಿನಾಯಿತಿ ದೊರೆತೊಡನೆ ಹಿಮಾಚಲ ಪ್ರದೇಶದ ಧರ್ಮಶಾಲಾದಲ್ಲಿ ಡಬ್ಲ್ಯುಆರ್‌ಟಿ54ಜಿ ರೂಟರ್‌ಗಳಿಗೆ ಬದಲಿ ಫರ್ಮ್‌ವೇರ್ ಹಾಕಿ ಮೆಶ್ ಜಾಲ ಕಟ್ಟಲಾಯಿತು. ಅದೇ ಮುಂದೆ ಏರ್‌ಜಲ್ದಿ ಸಂಸ್ಥೆಗೆ ಬುನಾದಿಯಾಯಿತು. ಕರ್ನಾಟಕದಲ್ಲಿ ಜನಸ್ತು ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಕೌಮೆಶ್ ಎಂಬ ಹೆಸರಿನಲ್ಲಿ ಸಮುದಾಯದ ಒಡೆತನದ ವೈ-ಫೈ ಮೆಶ್ ಜಾಲವನ್ನು ಬೆಳೆಸಿದೆ.

ಕಾನೂನು ಮತ್ತು ಭದ್ರತೆ

ಭಾರತದಲ್ಲಿ ಪರವಾನಗಿಯಿಲ್ಲದೆ ವೈ-ಫೈ ಬಳಸಬಹುದಾದ ಮುಖ್ಯ ಪಟ್ಟಿಗಳು 2.4 ಗಿಗಾಹರ್ಟ್ಸ್ (2400ರಿಂದ 2483.5 ಮೆಗಾಹರ್ಟ್ಸ್) ಮತ್ತು 5 ಗಿಗಾಹರ್ಟ್ಸ್. 2018ರ ಅಕ್ಟೋಬರ್‌ನ ಅಧಿಸೂಚನೆ ಎರಡನೆಯದನ್ನು 5150-5350 ಮತ್ತು 5470-5875 ಮೆಗಾಹರ್ಟ್ಸ್ ಸೇರಿ ಒಟ್ಟು 605 ಮೆಗಾಹರ್ಟ್ಸ್‌ಗೆ ವಿಸ್ತರಿಸಿತು. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗದ 500 ಮೆಗಾಹರ್ಟ್ಸ್‌ಗೆ ವಿನಾಯಿತಿ ಕೊಡುವ ಕರಡು ನಿಯಮ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಫರ್ಮ್‌ವೇರ್‌ನಲ್ಲಿ ಭಾರತದ ದೇಶಸಂಕೇತ ಆರಿಸಿದರೆ ಚಾನೆಲ್ ಮತ್ತು ಶಕ್ತಿಯ ಮಿತಿಗಳು ತಾವಾಗಿ ಅನ್ವಯಿಸುತ್ತವೆ. ಹೆಚ್ಚು ಶಕ್ತಿಗಾಗಿ ಬೇರೆ ದೇಶದ ಸಂಕೇತ ಹಾಕುವುದು ನಿಯಮಬಾಹಿರ. ಸಂಪರ್ಕ ಸೇವೆಯವರು ಕೊಟ್ಟ ಓಎನ್‌ಟಿ ಬಹುಮಟ್ಟಿಗೆ ಅವರದೇ ಸ್ವತ್ತು. ಫರ್ಮ್‌ವೇರ್ ಬದಲಾವಣೆ ಸ್ವಂತ ರೂಟರ್‌ಗೆ ಮಾತ್ರ ಸಂಬಂಧಿಸಿದ್ದು, ಅದರಿಂದ ತಯಾರಕರ ವಾರಂಟಿ ತಪ್ಪಬಹುದು.

ನವೀಕರಣದ ಅಗತ್ಯವನ್ನು ಹಲವು ಘಟನೆಗಳು ತೋರಿಸಿವೆ. 2017ರ ಅಕ್ಟೋಬರ್‌ನಲ್ಲಿ ಬಯಲಾದ ಕ್ರ್ಯಾಕ್ ದೋಷ ಡಬ್ಲ್ಯುಪಿಎ2 ಒಪ್ಪಂದದಲ್ಲಿಯೇ ಇತ್ತು. 2018ರ ಮೇ ತಿಂಗಳಲ್ಲಿ ಪತ್ತೆಯಾದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಕನಿಷ್ಠ 54 ದೇಶಗಳ ಸುಮಾರು 5 ಲಕ್ಷ ಉಪಕರಣಗಳನ್ನು ಹೊಕ್ಕಿತ್ತು. ಮುಕ್ತ ಯೋಜನೆಗಳೂ ದೋಷಮುಕ್ತವಲ್ಲ. 2024ರ ಡಿಸೆಂಬರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಇಮೇಜ್ ಕಟ್ಟುವ ಸೇವೆಯಲ್ಲಿ ಗಂಭೀರ ದೋಷವೊಂದು ವರದಿಯಾಗಿ, ಅದನ್ನು ಸರಿಪಡಿಸಲಾಯಿತು.

ಇಂದಿನ ಸ್ಥಿತಿ

2024ರ ನವೆಂಬರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಜೊತೆಗೂಡಿ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ಸ್ವಂತ ರೂಟರನ್ನು ಹೊರತಂದಿತು. ಬನಾನಾ ಪೈ ತಯಾರಿಸುವ ಇದರಲ್ಲಿ ಮೀಡಿಯಾಟೆಕ್ ಚಿಪ್, 1 ಗಿಗಾಬೈಟ್ ರ‍್ಯಾಮ್ ಮತ್ತು 256 ಮೆಗಾಬೈಟ್ ಮುಖ್ಯ ಫ್ಲ್ಯಾಶ್ ಇವೆ. ಚೇತರಿಕೆಗಾಗಿ ಪ್ರತ್ಯೇಕವಾದ 16 ಮೆಗಾಬೈಟ್ ಫ್ಲ್ಯಾಶ್ ಇರುವುದರಿಂದ ತಪ್ಪು ಇಮೇಜ್‌ನಿಂದ ಉಪಕರಣ ಪೂರ್ತಿ ಕೆಡುವ ಸಾಧ್ಯತೆ ಕಡಿಮೆ. 24.10 ಮಾಲಿಕೆ ಲಿನಕ್ಸ್ 6.6 ತಿರುಳನ್ನು ಆಧರಿಸಿದೆ. ಹೊಸ ಮಾಲಿಕೆ ಬಂದ ಬಳಿಕ ಹಿಂದಿನ ಮಾಲಿಕೆಗೆ ಸುಮಾರು 6 ತಿಂಗಳು ಭದ್ರತಾ ತಿದ್ದುಪಡಿ ಸಿಗುತ್ತದೆ, ಅನಂತರ ನಿಲ್ಲುತ್ತದೆ. ಆದ್ದರಿಂದ ಈ ಫರ್ಮ್‌ವೇರ್ ಬಳಸುವವರು ಪ್ರತಿ ಹೊಸ ಮಾಲಿಕೆಗೂ ಏರುತ್ತಿರಬೇಕಾಗುತ್ತದೆ. 4 ಮೆಗಾಬೈಟ್ ಫ್ಲ್ಯಾಶ್ ಇರುವ ಹಳೆಯ ರೂಟರ್‌ಗಳಿಗೆ ಈ ದಾರಿ ಮುಚ್ಚಿದೆ. 8 ಮೆಗಾಬೈಟ್ ಫ್ಲ್ಯಾಶ್, 64 ಮೆಗಾಬೈಟ್ ರ‍್ಯಾಮ್ ಇರುವವುಗಳಲ್ಲಿ ಮೂಲ ಸೌಲಭ್ಯಗಳಷ್ಟೇ ಹಿಡಿಸುತ್ತವೆ.